ಐನೂರು ಆನೆ ತೆಗೆದುಕೊಂಡು ಹೋದವನು

ಗೆಳೆಯಾ,

ಹೇಗಿದ್ದೀಯ? ಶ್ರವಣಬೆಳಗೊಳಕ್ಕೆ ಹೋಗಿ ಬಂದು ತಿಂಗಳಾಯ್ತು. ಅವತ್ತು ಚಿಕ್ಕಬೆಟ್ಟದ ಮೇಲೆ ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರದ ಮುಂದೆ ನಿಂತು ನೀನೊಂದು ಮಾತು ಕೇಳಿದ್ದೆ. "ಚಂದ್ರಗುಪ್ತ ಇಲ್ಲಿ ಬಂದು ಸನ್ಯಾಸಿಯಾದ ಅಂತಾರೆ. ಅವನ ಕೈಲಿ ಸೋತ ಗ್ರೀಕ್ ರಾಜ ಏನಾದ?" ಬಂಡೆ ಕಾದು ಬರಿಗಾಲು ಸುಡುತ್ತಿತ್ತು, ಉತ್ತರ ಹೇಳುವಷ್ಟು ಪುರುಸೊತ್ತಿರಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ.

ಆ ರಾಜ ಸೆಲ್ಯೂಕಸ್ ನಿಕೇಟರ್, ಅಲೆಕ್ಸಾಂಡರನ ಸರದಾರನಾಗಿದ್ದವನು. ನಮಗೆ ಸ್ಕೂಲಲ್ಲಿ ಅವನು ಅಂದರೆ ಎರಡೇ ಸಾಲು. ಬಂದ, ಸೋತು ಮಗಳನ್ನು ಕೊಟ್ಟು ಹೋದ. ಹಳೆಯ ಗ್ರೀಕ್ ಬರಹಗಳಲ್ಲಿ ಮದುವೆ ಸಂಬಂಧ ಆಯಿತು ಅಂತಷ್ಟೇ ಇದೆ, ಮಗಳ ಹೆಸರು ಎಲ್ಲೂ ಇಲ್ಲ. ಅವನು ಈಗಿನ ಕಂದಹಾರ್, ಕಾಬೂಲ್ ಕಡೆಯ ಸೀಮೆಯನ್ನು ಬಿಟ್ಟುಕೊಟ್ಟದ್ದು ನಿಜ. ಆದರೆ ಬದಲಿಗೆ 500 ಆನೆ ತೆಗೆದುಕೊಂಡ. ಕ್ರಿ.ಪೂ. 303ರ ಆಸುಪಾಸಿನ ಮಾತು ಇದು.

ಆ ಆನೆಗಳ ವಿಷಯ ಸ್ವಲ್ಪ ಯೋಚನೆ ಮಾಡು. ಒಂದು ಆನೆಗೆ ದಿನಕ್ಕೆ ಕಡಿಮೆ ಅಂದರೂ ನೂರು ಕೆಜಿ ಮೇವು ಬೇಕು. ಐನೂರಕ್ಕೆ ಐವತ್ತು ಸಾವಿರ ಕೆಜಿ, ಪ್ರತಿದಿನ! ಅಷ್ಟನ್ನು ಹೊಂದಿಸಿಕೊಂಡು, ನೀರಿರುವ ಜಾಗ ಹುಡುಕಿಕೊಂಡು, ಸಿಂಧೂ ನದಿಯ ಕಡೆಯಿಂದ ಈಗಿನ ಟರ್ಕಿಯವರೆಗೆ ನಡೆಸಿಕೊಂಡು ಹೋಗಿದ್ದಾರೆ. ಅಲ್ಲಿನ ಕಪ್ಪಡೋಸಿಯ ಸೀಮೆಯ ಚಳಿಯಲ್ಲಿ ಸೈನ್ಯ ಗುಡಿಸಲು ಹಾಕಿಕೊಂಡು ತಂಗಿದಾಗ ಲೆಕ್ಕಕ್ಕೆ ಸಿಕ್ಕ ಆನೆಗಳು 480. ಎಷ್ಟು ಜೋಪಾನ ಮಾಡಿರಬೇಕು! ಆ ಮಾವುತರ ಒಬ್ಬರ ಹೆಸರೂ ಉಳಿದಿಲ್ಲ. ಆದರೆ ಗ್ರೀಕರು ಮುಂದೆ ಯಾವ ಊರಿನ ಮಾವುತನನ್ನೂ 'ಇಂಡೋಸ್' ಅಂತಲೇ ಕರೆದರು, ಅಂದರೆ ಇಂಡಿಯಾದವನು. ಇದನ್ನು ಓದಿದ ದಿನ ನನಗೆ ತುಂಬಾ ಖುಷಿಯಾಯ್ತು.

ಕ್ರಿ.ಪೂ. 301ರಲ್ಲಿ ಇಪ್ಸಸ್ ಎಂಬಲ್ಲಿ ಯುದ್ಧ. ಎದುರಿಗೆ ಅಲೆಕ್ಸಾಂಡರನ ಇನ್ನೊಬ್ಬ ಸರದಾರ, ಒಕ್ಕಣ್ಣ ಆಂಟಿಗೋನಸ್, ವಯಸ್ಸು ಎಂಬತ್ತರ ಮೇಲೆ. ಅವನ ಮಗ ಡೆಮಿಟ್ರಿಯಸ್ ಕುದುರೆ ದಂಡಿನ ಜೊತೆ ನುಗ್ಗಿ, ಓಡಿದವರನ್ನು ಅಟ್ಟಿಸಿಕೊಂಡು ತುಂಬಾ ದೂರ ಹೋಗಿಬಿಟ್ಟ. ವಾಪಸ್ ಬರೋಣ ಅಂದರೆ ನಡುವೆ ಆನೆಗಳು ಗೋಡೆ ಕಟ್ಟಿದ ಹಾಗೆ ನಿಂತಿವೆ. ಮಗ ಬಂದೇ ಬರುತ್ತಾನೆ ಅಂತ ಕಾಯುತ್ತಲೇ ಮುದುಕ ಈಟಿಗಳಿಗೆ ಬಲಿಯಾದ. ನಮ್ಮ ಕಡೆಯಿಂದ ಹೋದ ಆನೆಗಳು ಅಲೆಕ್ಸಾಂಡರನ ರಾಜ್ಯದ ಹಣೆಬರಹ ಬದಲಿಸಿದವು. ಈಗ ಹೇಳು, ಸೆಲ್ಯೂಕಸನನ್ನು ಸೋತವನು ಅನ್ನೋಕಾಗತ್ತಾ?

ಈ ಆಂಟಿಗೋನಸ್‌ಗೂ ಅವನಿಗೂ ಹಳೇ ಲೆಕ್ಕವಿತ್ತು. ಅಲೆಕ್ಸಾಂಡರ್ ಸತ್ತ ಮೇಲೆ ಪಾಲು ಹಂಚಿಕೆಯಾಗಿ ಸೆಲ್ಯೂಕಸ್‌ಗೆ ಬ್ಯಾಬಿಲೋನ್ ಸಿಕ್ಕಿತ್ತು. ಆಂಟಿಗೋನಸ್ ಬಂದು ಕಂದಾಯದ ಲೆಕ್ಕ ಒಪ್ಪಿಸು ಅಂದ. ನಾನು ದುಡಿದದ್ದಕ್ಕೆ ಕೊಟ್ಟ ಸೀಮೆ ಇದು, ಲೆಕ್ಕ ಯಾಕೆ ಕೊಡಲಿ ಅಂದ ಇವನು, 50 ಕುದುರೆ ಸವಾರರ ಜೊತೆ ಈಜಿಪ್ಟಿಗೆ ಓಡಿಹೋದ. ಅಲ್ಲಿ ಆಳುತ್ತಿದ್ದ ಟಾಲೆಮಿ, ಅವನೂ ಅಲೆಕ್ಸಾಂಡರನ ಸರದಾರನೇ, ಆಸರೆ ಕೊಟ್ಟ. ಕೆಲವು ವರ್ಷದ ಮೇಲೆ ಸುಮಾರು ಸಾವಿರ ಜನರನ್ನಷ್ಟೇ ಕಟ್ಟಿಕೊಂಡು ಬ್ಯಾಬಿಲೋನಿಗೆ ಮರಳಿದಾಗ ಊರಿನ ಜನ ಅವನ ಜೊತೆಗೆ ನಿಂತರು. ಮುಂದೆ ಕ್ರಿ.ಪೂ. 311ನ್ನೇ ಬ್ಯಾಬಿಲೋನಿನಲ್ಲಿ ಅವನ ಮೊದಲ ವರ್ಷ ಅಂತ ಎಣಿಸಿದರು. ಈ ಎಣಿಕೆಯ ಮಾತು ನೆನಪಿಟ್ಟುಕೋ.

ನನಗೆ ಅವನು ಹತ್ತಿರದವನು ಅನ್ನಿಸುವುದು ಬೇರೆ ಕಾರಣಕ್ಕೆ. ಕ್ರಿ.ಪೂ. 324ರಲ್ಲಿ ಅಲೆಕ್ಸಾಂಡರ್ ಸೂಸಾದಲ್ಲಿ ತನ್ನ ಸರದಾರರಿಗೆ ಸಾಮೂಹಿಕ ಮದುವೆ ಮಾಡಿಸಿದ. ಹುಡುಗಿಯರು ಪರ್ಷಿಯಾ ಮತ್ತು ಅದರಾಚೆಯ ದೊಡ್ಡ ಮನೆತನದವರು. ಅವನು ಸತ್ತ ಮೇಲೆ ಅಂಥ ಮದುವೆಗಳಲ್ಲಿ ಹೆಚ್ಚಿನವು ಉಳಿದಂತೆ ಕಾಣುವುದಿಲ್ಲ. ಸೆಲ್ಯೂಕಸ್ ಮಾತ್ರ ಅಲ್ಲಿ ಕೈಹಿಡಿದ ಹೆಂಡತಿ ಅಪಮಾಳನ್ನು ಬಿಡಲಿಲ್ಲ. ಅವಳಪ್ಪ ಸ್ಪಿಟಮೆನೆಸ್ ಅಲೆಕ್ಸಾಂಡರನ ವಿರುದ್ಧವೇ ಹೋರಾಡಿದವನು. ಅವಳ ಹೆಸರಲ್ಲಿ ಅಪಾಮಿಯ ಎಂಬ ಊರುಗಳನ್ನೇ ಕಟ್ಟಿದರು. ಅವಳ ಮಗ ಆಂಟಿಯೋಕಸ್ ಮುಂದಿನ ರಾಜನಾದ.

ಆ ಮಗನದ್ದೂ ಒಂದು ಕಥೆಯಿದೆ. ಸೆಲ್ಯೂಕಸ್ ವಯಸ್ಸಾದ ಮೇಲೆ ಡೆಮಿಟ್ರಿಯಸನ ಮಗಳು ಸ್ಟ್ರಟೋನಿಕೆಯನ್ನು ಮದುವೆಯಾದ. ಮಗ ಊಟ ಬಿಟ್ಟು ಹಾಸಿಗೆ ಹಿಡಿದ. ವೈದ್ಯ ಎರಾಸಿಸ್ಟ್ರಾಟಸ್ ಅವನ ಪಕ್ಕದಲ್ಲೇ ಕೂತು, ಯಾರು ಒಳಗೆ ಬಂದಾಗ ಏನಾಗುತ್ತದೆ ಅಂತ ನೋಡುತ್ತಿದ್ದನಂತೆ. ಸ್ಟ್ರಟೋನಿಕೆ ಬಂದಾಗ ಮಾತ್ರ ಮುಖ ಕೆಂಪಾಗುತ್ತಿತ್ತು, ಬೆವರು ಬರುತ್ತಿತ್ತು, ನಾಡಿ ತಪ್ಪುತ್ತಿತ್ತು. ವಿಷಯ ತಿಳಿದ ಅಪ್ಪ ಅವಳನ್ನು ಮಗನಿಗೇ ಕೊಟ್ಟು ಮದುವೆ ಮಾಡಿ, ಪೂರ್ವದ ಸೀಮೆಗಳನ್ನೂ ಒಪ್ಪಿಸಿದ. ಇದರಲ್ಲಿ ರಾಜಕೀಯವೂ ಇತ್ತು ಅಂತಾರೆ, ಇರಲಿ. ಆದರೆ ಸ್ಟ್ರಟೋನಿಕೆಯ ಮನಸ್ಸಲ್ಲಿ ಏನಿತ್ತು ಅಂತ ಕಥೆ ಹೇಳಿದವರು ಯಾರೂ ಬರೆಯಲಿಲ್ಲ. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಕೊನೆಯದು ಬರೆಯಲು ಬೇಜಾರು. ಕ್ರಿ.ಪೂ. 281ರಲ್ಲಿ ಅಲೆಕ್ಸಾಂಡರನ ಮತ್ತೊಬ್ಬ ಸರದಾರ ಲೈಸಿಮಾಕಸನನ್ನು ಸೋಲಿಸಿದ ಮೇಲೆ ಅಲೆಕ್ಸಾಂಡರನ ಜೊತೆಗಾರರಲ್ಲಿ ಉಳಿದ ದೊರೆ ಇವನೊಬ್ಬನೇ. ಎಪ್ಪತ್ತು ದಾಟಿತ್ತು. ಹುಟ್ಟಿದ ನಾಡು ಮ್ಯಾಸಿಡೋನಿಯ ಬಿಟ್ಟು ಐವತ್ತು ವರ್ಷವಾಗಿತ್ತು. ಅಲ್ಲಿಗೆ ಹೊರಟು ಸಮುದ್ರ ದಾಟಿದ. ದಾರಿಯಲ್ಲಿ ಒಂದು ಹಳೆಯ ಬಲಿಪೀಠ ಕಂಡಿತು. ಅದರ ಕಥೆ ಕೇಳುತ್ತಾ ನಿಂತಿದ್ದಾಗ ಹಿಂದಿನಿಂದ ಇರಿದು ಕೊಂದರು ಅಂತ ಹಳೆಯ ಇತಿಹಾಸಕಾರ ಅಪ್ಪಿಯನ್ ಬರೆದಿದ್ದಾನೆ. ಇರಿದವನು ಟಾಲೆಮಿ ಕೆರೌನಸ್. ಸೆಲ್ಯೂಕಸ್‌ಗೆ ಈಜಿಪ್ಟಿನಲ್ಲಿ ಆಸರೆ ಕೊಟ್ಟಿದ್ದ ಆ ಟಾಲೆಮಿಯ ಸ್ವಂತ ಮಗ! ಅಪ್ಪನಿಂದ ಪಟ್ಟ ತಪ್ಪಿ ಬಂದವನನ್ನು ಸೆಲ್ಯೂಕಸ್ ತನ್ನ ಜೊತೆಗೇ ಇಟ್ಟುಕೊಂಡಿದ್ದ. ಮ್ಯಾಸಿಡೋನಿಯ ಅವನಿಗೆ ಸಿಗಲೇ ಇಲ್ಲ.

ಸುದ್ದಿ ಬ್ಯಾಬಿಲೋನಿಗೆ ಮುಟ್ಟಿತು. ಅಲ್ಲಿನ ಬರಹಗಾರರು ಜೇಡಿಮಣ್ಣಿನ ಹಲಗೆಯ ಮೇಲೆ 31ನೇ ವರ್ಷ, 6ನೇ ತಿಂಗಳು, ರಾಜ ಸೆಲ್ಯೂಕಸ್ ಕೊಲೆಯಾದ ಅಂತ ಕೊರೆದಿಟ್ಟರು. ಅಲ್ಲಿಯವರೆಗೆ ಹೊಸ ರಾಜ ಬಂದರೆ ವರ್ಷದ ಲೆಕ್ಕ ಮತ್ತೆ ಒಂದರಿಂದ ಶುರುವಾಗುತ್ತಿತ್ತು. ಆಂಟಿಯೋಕಸ್ ಹಾಗೆ ಮಾಡಲಿಲ್ಲ. ಅಪ್ಪ ಹೋದ ಮಾರನೇ ವರ್ಷವನ್ನು 32 ಅಂತಲೇ ಬರೆಸಿದ.

ನಿನ್ನ
ಗೆಳೆಯ