ಬ್ಯಾಂಕು ಮುಳುಗಿತು, ಬೋರ್ಡು ಉಳಿಯಿತು

ಗೆಳೆಯಾ,

ಫಿಲಡೆಲ್ಫಿಯಾದ ಲೋವ್ಸ್ ಹೋಟೆಲಿನಲ್ಲಿ ರೂಮ್ ಬುಕ್ ಮಾಡಿದ್ದೇನೆ ಅಂತ ಬರೆದಿದ್ದೀಯಲ್ಲ, ಒಳ್ಳೆಯದೇ ಆಯಿತು ಮಾರಾಯ. ಆದರೆ ಮಾರ್ಕೆಟ್ ಸ್ಟ್ರೀಟಿನಲ್ಲಿ ನಿಂತು ತಲೆ ಎತ್ತಿದರೆ ಮೇಲೆ ಕಾಣುವುದು ಹೋಟೆಲಿನ ಹೆಸರಲ್ಲ. ಪಿಎಸ್‌ಎಫ್‌ಎಸ್ ಅಂತ 27 ಅಡಿ ಎತ್ತರದ ಕೆಂಪು ನಿಯಾನ್ ಅಕ್ಷರಗಳು. ಗಾಬರಿ ಬೀಳಬೇಡ, ಅದೇ ಕಟ್ಟಡ.

ಅದು ಫಿಲಡೆಲ್ಫಿಯಾ ಸೇವಿಂಗ್ಸ್ ಫಂಡ್ ಸೊಸೈಟಿ ಅನ್ನುವ ಬ್ಯಾಂಕಿನ ಹೆಸರು. ಸಣ್ಣ ಸಂಪಾದನೆಯವರ ಉಳಿತಾಯದ ದುಡ್ಡು ಇಟ್ಟುಕೊಳ್ಳಲು 1816ರಲ್ಲಿ ಶುರುವಾದ ಬ್ಯಾಂಕು. ಈ 36 ಅಂತಸ್ತಿನ ಕಟ್ಟಡ ಮುಗಿದದ್ದು 1932ರಲ್ಲಿ, ಅಮೆರಿಕದಲ್ಲಿ ಕೆಲಸವೂ ಇಲ್ಲ ದುಡ್ಡೂ ಇಲ್ಲ ಅನ್ನುವ ಕಾಲದಲ್ಲಿ. ಊರಿನವರು ಬಿಟ್ಟಾರಾ, ಆ ನಾಲ್ಕಕ್ಷರವನ್ನು 'ಫಿಲಡೆಲ್ಫಿಯಾ ಸ್ಲೋಲಿ ಫೇಸಸ್ ಸ್ಟಾರ್ವೇಷನ್' ಅಂತ ಬಿಡಿಸಿ ನಗುತ್ತಿದ್ದರಂತೆ.

ಕಟ್ಟಡದ ವಾಸ್ತುಶಿಲ್ಪಿಗಳು ಜಾರ್ಜ್ ಹೌ ಮತ್ತು ವಿಲಿಯಂ ಲೆಸ್ಕೇಜ್. ಬ್ಯಾಂಕ್ ಅಂದರೆ ಕಂಬ, ಕಮಾನು, ದೇವಸ್ಥಾನದ ಥರ ಮೆಟ್ಟಿಲು ಅಂತಿದ್ದ ಕಾಲದಲ್ಲಿ ಇವರು ನೆಲಮಹಡಿಯನ್ನು ಅಂಗಡಿಗಳಿಗೆ ಬಿಟ್ಟು, ಬ್ಯಾಂಕಿನ ವ್ಯವಹಾರದ ದೊಡ್ಡ ಹಾಲ್ ಅನ್ನು ಅದರ ಮೇಲಿನ ಮಹಡಿಗೆ ಏರಿಸಿ, ದುಡ್ಡು ಕಟ್ಟಲು ಬಂದವರನ್ನು ಎಸ್ಕಲೇಟರ್ ಹತ್ತಿಸಿದರು. ಬೀದಿ ಮಟ್ಟದ ಜಾಗಕ್ಕೆ ಬಾಡಿಗೆ ಜಾಸ್ತಿ ಅಲ್ವಾ, ಬ್ಯಾಂಕಿನವರ ಲೆಕ್ಕ! ಇಡೀ ಕಟ್ಟಡಕ್ಕೆ ಏರ್ ಕಂಡೀಷನ್ ಬೇರೆ. ಆಗ ಅಮೆರಿಕದಲ್ಲೇ ಹಾಗೆ ಏರ್ ಕಂಡೀಷನ್ ಇದ್ದ ಎತ್ತರದ ಕಟ್ಟಡ ಇನ್ನೊಂದೇ ಒಂದಿತ್ತು.

1992ರ ಡಿಸೆಂಬರಿನಲ್ಲಿ ಸರ್ಕಾರ ಬ್ಯಾಂಕಿಗೆ ಬೀಗ ಹಾಕಿತು. 2000ದಲ್ಲಿ ಹೋಟೆಲು ತೆರೆಯಿತು. ಇದು ಹೋಟೆಲಿಗೆ ಸುಮ್ನೆ ಒಗ್ಗಿಕೊಂಡದ್ದಲ್ಲ. ಕಚೇರಿಗಳಿದ್ದ ಗೋಪುರ ತೆಳ್ಳಗಿದೆ, ಲಿಫ್ಟು ಮೆಟ್ಟಿಲುಗಳೆಲ್ಲ ಹಿಂದಿನ ಬೇರೆ ಭಾಗದಲ್ಲಿವೆ, ಹಾಗಾಗಿ ಒಂದೊಂದು ರೂಮಿಗೂ ಕಿಟಕಿ ಕೊಡಲು ಕಷ್ಟವಾಗಲಿಲ್ಲ. ನಡುವೆ ಬೆಳಕೇ ಬೀಳದ ಈಗಿನ ಅಗಲದ ಆಫೀಸು ಕಟ್ಟಡಗಳನ್ನು ಹೀಗೆ ಬದಲಿಸಲು ಹೋಗಿ ನೋಡು, ಗೊತ್ತಾಗುತ್ತದೆ. ಹಳೆಯದನ್ನು ಉಳಿಸಬೇಕು ಅನ್ನುವವರು ಮುಂಭಾಗದ ಚೆಂದ ನೋಡುತ್ತಾರೆ. ನಾನಾದರೆ ಮೊದಲು ಕಿಟಕಿ ಎಣಿಸುತ್ತೇನೆ.

ಬೋರ್ಡು ತೆಗೆಯಲಿಲ್ಲ ನೋಡು, ಅದು ನನಗೆ ಇಷ್ಟ. ಛಾವಣಿಯ ಯಂತ್ರಗಳನ್ನು ಮರೆಮಾಡುವ ಕೆಲಸವೂ ಅದರದ್ದೇ. ನೀನು ಹೋದಾಗ ಬ್ಯಾಂಕಿನ ಆ ಹಳೆಯ ಹಾಲ್‌ನ ಬಾಗಿಲು ತೆರೆದಿದ್ದರೆ ಇಣುಕು. ಈಗ ಅಲ್ಲಿ ಪಾರ್ಟಿ, ಸಮಾರಂಭ ನಡೆಯುತ್ತವೆ. ಲಿಫ್ಟಿನ ಹತ್ತಿರ ಕಾರ್ಟಿಯೇ ಕಂಪನಿಯ ಗಡಿಯಾರಗಳಿವೆ, ಈ ಕಟ್ಟಡಕ್ಕೆಂದೇ ಮಾಡಿಸಿದ್ದು. ಫೋಟೊ ತೆಗೆದು ಕಳಿಸು.

ನಿನ್ನ ಗೆಳೆಯ