ತಾಮ್ರದ ಹಲಗೆಯ ಕಲಾವಿದರಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಯುರೋಪಿನ ಕಲೆ ಅಂದ ತಕ್ಷಣ ನಮ್ಮ ಪತ್ರಿಕೆಗಳು ದೊಡ್ಡ ದೊಡ್ಡ ತೈಲಚಿತ್ರಗಳ ಬಗ್ಗೆಯೇ ಬರೆಯುತ್ತವೆ. ತಾಮ್ರದ ತಗಡಿನ ಮೇಲೆ ಚಿತ್ರ ಗೀರಿ ಕಾಗದಕ್ಕೆ ಮುದ್ರಿಸುತ್ತಿದ್ದ ಡೇನಿಯಲ್ ಖೊಡೊವಿಯೆಟ್ಸ್ಕಿಯಂಥ ಕಲಾವಿದರ ಹೆಸರು ಕಣ್ಣಿಗೆ ಬೀಳುವುದೇ ಅಪರೂಪ. ಖೊಡೊವಿಯೆಟ್ಸ್ಕಿ 1726ರಲ್ಲಿ ಡಾನ್ಸಿಗ್‌ನಲ್ಲಿ, ಅಂದರೆ ಇವತ್ತಿನ ಪೋಲೆಂಡಿನ ಗ್ಡಾನ್ಸ್ಕ್‌ನಲ್ಲಿ ಹುಟ್ಟಿದವರು. 1743ರಲ್ಲಿ ಬರ್ಲಿನ್‌ಗೆ ಬಂದು ಸೋದರಮಾವನ ಅಂಗಡಿಯಲ್ಲಿ ದುಡಿಯುತ್ತಾ ಚಿತ್ರಕಲೆಗೆ ಕೈ ಹಾಕಿದರು.

ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀರಿ, ಆಸಿಡ್‌ನಲ್ಲಿ ಅದ್ದಿದರೆ ಗೀರಿದ ಕಡೆ ಮಾತ್ರ ಲೋಹ ಕರಗುತ್ತದೆ. ಆ ಗೆರೆಗಳಿಗೆ ಮಸಿ ತುಂಬಿ ಕಾಗದದ ಮೇಲೆ ಒತ್ತಬೇಕು. ಮುದ್ರಣದಲ್ಲಿ ಎಡ ಬಲವಾಗುತ್ತದೆ, ಅದನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಹೀಗೆ ಅವರು ಮಾಡಿದ್ದು 2,000ಕ್ಕೂ ಜಾಸ್ತಿ ಚಿತ್ರಗಳು! ಹೆಚ್ಚಿನವು ಪುಸ್ತಕ, ಪಂಚಾಂಗಗಳಿಗೆ ಮಾಡಿದ ಅಂಗೈಯಗಲದ ಚಿತ್ರಗಳು.

ನನಗೆ ತುಂಬಾ ಇಷ್ಟವಾದದ್ದು 1771ರ ಒಂದು ಚಿತ್ರ. ಗೋಡೆ ತುಂಬಾ ಚಿತ್ರಪಟಗಳು, ಮೇಜಿನ ಸುತ್ತ ಮಕ್ಕಳು, ಜೊತೆಗೆ ಹೆಂಡತಿ, ಕಿಟಕಿಯ ಪಕ್ಕ ಕನ್ನಡಕ ಹಾಕಿಕೊಂಡು ಕೆಲಸದ ನಡುವೆ ಅವರ ಕಡೆ ನೋಡುತ್ತಿರುವ ಕಲಾವಿದ. ಇದನ್ನು ಊರಲ್ಲಿದ್ದ ತಾಯಿಗೇ ಅರ್ಪಿಸಿದ್ದರು. 1773ರಲ್ಲಿ ಬರ್ಲಿನ್‌ನಿಂದ ಕುದುರೆ ಹತ್ತಿ ಆ ತಾಯಿಯನ್ನು ನೋಡಲು ಹೊರಟು, ದಾರಿಯುದ್ದಕ್ಕೂ ಕಂಡ ಛತ್ರ, ದೋಣಿ, ಜನರನ್ನೆಲ್ಲ ಬರೆದಿಟ್ಟರು. ರಾಜರ ಭಾವಚಿತ್ರಗಳಿಗಿಂತ ಆ ಕಾಲದ ಬದುಕು ಇಲ್ಲೇ ಚೆನ್ನಾಗಿ ಕಾಣುತ್ತದೆ ಅಲ್ವಾ?

ನಿಮ್ಮ ಭಾನುವಾರದ ಪುಟದಲ್ಲಿ ಮುದ್ರಣ ಚಿತ್ರಕಲೆಗೂ ಜಾಗ ಕೊಡಿ. ಚಿತ್ರಗಳನ್ನು ದಯವಿಟ್ಟು ಸಣ್ಣದಾಗಿ ಕತ್ತರಿಸದೆ, ಗೆರೆಗಳು ಕಾಣುವಷ್ಟು ದೊಡ್ಡದಾಗಿ ಹಾಕಿ.

– ನಿಮ್ಮ ಓದುಗ