ಒಂದು ಕಟಾಫ್ ನೋಡಿ ಅಳಬೇಡ ಪುಟ್ಟಿ

ಹಾಸನ, ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಲ್ಲಿ ನಿನ್ನ ಗಂಟಲು ಕಟ್ಟಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ರ‍್ಯಾಂಕ್ 21,400, ಹೋದ ವರ್ಷ ಆ ಇಂಜಿನಿಯರಿಂಗ್ ಕಾಲೇಜಲ್ಲಿ ಸೀಟು ಸಿಕ್ಕ ಕೊನೇ ರ‍್ಯಾಂಕ್ 21,000, ಮುಗೀತು ದೊಡ್ಡಮ್ಮಾ ಅಂದೆ. ಒಂದು ವರ್ಷದ ಒಂದು ನಂಬರಿಗೆ ಇಷ್ಟು ಅಳುವಾ?

ನಾನು ಆಪರೇಷನ್ ಥಿಯೇಟರಲ್ಲಿ ಸಿಸ್ಟರ್ ಆಗಿದ್ದಾಗ ಬೆಳಗ್ಗೆ ಬೋರ್ಡಿನ ಮೇಲೆ ಪಟ್ಟಿ ಬರೆಯುವುದು ನನ್ನ ಕೆಲಸ. ಹರ್ನಿಯಾಗೆ ಒಂದು ಗಂಟೆ ಅಂತ ಹಾಕುತ್ತಿದ್ದೆವು, ಯಾರು ಯಾವಾಗ ಲೆಕ್ಕ ಮಾಡಿದ್ದೋ ದೇವರಿಗೇ ಗೊತ್ತು. ಐದು ಕೇಸು ಅಂದುಕೋ: 40, 45, 50, 55, 160 ನಿಮಿಷ. ಸರಾಸರಿ 70, ನಡುವಿನದು 50. ನಾಲ್ವರು ಗಂಟೆಯೊಳಗೇ ಹೊರಗೆ, ಒಬ್ಬರಿಗೆ ಕರುಳು ಅಂಟಿಕೊಂಡಿತ್ತು ಅಂತ ಇಡೀ ಲೆಕ್ಕ ಮೇಲೆ ಹೋಯಿತು. ಬೇಗ ಮುಗಿಯುವುದಕ್ಕೆ ಮಿತಿ ಇದೆ, ಹತ್ತು ನಿಮಿಷದಲ್ಲಿ ಯಾರೂ ಹರ್ನಿಯಾ ಮಾಡಲ್ಲ. ಎಳೆಯುವುದಕ್ಕೆ ಮಿತಿ ಇಲ್ಲ. ಸ್ಟಾಟಿಸ್ಟಿಕ್ಸ್‌ನವರು ಇಂಥದ್ದಕ್ಕೆ ಲಾಗ್‌ನಾರ್ಮಲ್ ಅನ್ನುವ, ಅಪರೂಪಕ್ಕೆ ತೀರಾ ಎಳೆಯುವ ಕೇಸನ್ನೂ ಲೆಕ್ಕಕ್ಕೆ ಹಿಡಿಯುವ ಉದ್ದ ಬಾಲದ ಮಾಡೆಲ್ ಬಳಸುತ್ತಾರೆ. ಆಗ ‘ಎಷ್ಟು ಹೊತ್ತು’ ಅಂತಲ್ಲ, ‘ಎರಡು ಗಂಟೆ ದಾಟುವ ಸಾಧ್ಯತೆ ಎಷ್ಟು’ ಅಂತ ಕೇಳಬಹುದು. ಬೇಗ ಮುಗಿದರೆ ಉಳಿದ ಟೈಮು ಸುಮ್ನೆ ಹೋಗುತ್ತದೆ, ಮುಂದಿನ ಪೇಷಂಟ್ ಇನ್ನೂ ವಾರ್ಡಲ್ಲೇ ಇರುತ್ತಾರೆ. ತಡ ಆದದ್ದು ಮಾತ್ರ ಒಂದರ ಮೇಲೊಂದು ಕೂಡಿಕೊಂಡು ಕೊನೆಯವರ ತಲೆಗೆ ಬರುತ್ತದೆ.

ಒಂದು ಸಲ ಅರಕಲಗೂಡು ಕಡೆಯ ಅಜ್ಜಿ ರಾತ್ರಿಯಿಂದ ನೀರೂ ಕುಡಿಯದೆ ಕಾದರು. ಸಂಜೆ ಐದಕ್ಕೆ ‘ಇವತ್ತು ಆಗಲ್ಲ’ ಅಂತ ಹೇಳಿದವಳು ನಾನೇ. ಬೈಯಲಿಲ್ಲ. ‘ಹಂಗಾರೆ ಈಗ ಕಾಫಿ ಕುಡೀಬೋದಾ ಮಗಾ’ ಅಂದರು. ಅವತ್ತಿಂದ, ಎಷ್ಟು ಹೊತ್ತು ಅಂತ ಗ್ಯಾರಂಟಿ ಇಲ್ಲದ ಕೇಸನ್ನು ಕೊನೆಗೆ ಹಾಕಿ ಅಂತ ಡಾಕ್ಟರ ಹತ್ತಿರ ಜಗಳ ಆಡುತ್ತಿದ್ದೆ. ಅರ್ಧ ಸಲ ಗೆದ್ದೆ.

ಈಗ ನಿನ್ನ ಸೀಟು. ಅಲ್ಲಿಯ ಥರ ಇಲ್ಲೂ ಒಂದೇ ನಂಬರ್ ನಂಬಬೇಡ. ಐದು ವರ್ಷದ ಕೊನೇ ರ‍್ಯಾಂಕ್ ತೆಗಿ, ನಿನ್ನ ಕೆಟಗರಿಯದ್ದೇ, ಅದೇ ರೌಂಡಿನದ್ದೇ. 18,000, 22,000, 19,500, 25,000, 21,000 ಅಂತ ಇದೆ ಅನ್ನು. ನಿನ್ನ ರ‍್ಯಾಂಕಿಗೆ ಎರಡು ವರ್ಷ ಸಿಗುತ್ತಿತ್ತು, ಮೂರು ವರ್ಷ ಇಲ್ಲ. ‘ಮುಗೀತು’ ಅನ್ನುವಷ್ಟೇನೂ ಅಲ್ಲ, ಅಲ್ವಾ? ಐದೇ ವರ್ಷದ ಲೆಕ್ಕ, ಅದನ್ನೂ ಪೂರ್ತಿ ನಂಬಬೇಡ. ಆ ಬ್ರಾಂಚಿಗೆ ಸೀಟು ಜಾಸ್ತಿ ಆದರೆ ಹಳೇ ನಂಬರೆಲ್ಲ ತಲೆಕೆಳಗು.

ಆದರೆ ನೀನು ಕಾಲೇಜು ಬರೆಯುವ ಪಟ್ಟಿ ಥಿಯೇಟರ್ ಪಟ್ಟಿ ಥರ ಅಲ್ಲ ಕಣೇ. ನಿನ್ನ ರ‍್ಯಾಂಕಿನ ಸರದಿ ಬಂದಾಗ ಸಿಇಟಿ ಸೀಟು ಹಂಚುವ ಕೆಇಎ ನಿನ್ನ ಆಪ್ಷನ್‌ಗಳನ್ನು ಮೇಲಿಂದ ನೋಡಿಕೊಂಡು ಬರುತ್ತದೆ, ಸೀಟು ಉಳಿದಿರುವ ಮೊದಲನೆಯದು ನಿನಗೆ. ಮೇಲಿನದು ತಪ್ಪಿದರೆ ಕೆಳಗಿನದಕ್ಕೆ ಪೆಟ್ಟಿಲ್ಲ. ಹೆದರಿ ಬೇಡದ ಕಾಲೇಜನ್ನು ಮೇಲಿಟ್ಟೆಯೋ, ಅದೇ ಕುತ್ತಿಗೆಗೆ ಬೀಳುತ್ತದೆ. ಆಸೆಯ ಪ್ರಕಾರವೇ ಜೋಡಿಸು. ಲೆಕ್ಕ ಬೇಕಾಗುವುದು ಪಟ್ಟಿ ಎಷ್ಟು ಉದ್ದ ಇರಬೇಕು ಅನ್ನುವುದಕ್ಕೆ: ಐದಕ್ಕೆ ಐದು ವರ್ಷವೂ ನಿನ್ನ ರ‍್ಯಾಂಕಿಗೆ ಸಿಗುತ್ತಿದ್ದಂಥವು ಎರಡು ಮೂರು ಕೆಳಗಿರಲಿ. ನಮ್ಮ ಹಾಸನದ ಮಲ್ನಾಡ್ ಕಾಲೇಜನ್ನೂ ಸೇರಿಸು, 1960ರದ್ದು, ಮೂಗು ಮುರಿಯಬೇಡ. ಊಟಕ್ಕೆ ನಾನಿದ್ದೇನೆ. ನಿಜವಾದ ಹಂಚಿಕೆಗೆ ಮೊದಲು ತಾಲೀಮಿನ ಥರ ಮಾಡುವ ಅಣಕು ಹಂಚಿಕೆ ಆದ ಮೇಲೂ ಪಟ್ಟಿ ಬದಲಿಸಬಹುದು.

ಪಟ್ಟಿ ಬರೆದು ಫೋಟೋ ಕಳಿಸು. ಅಡ್ಡ ಹಿಡಿದು ತೆಗಿ, ಹೋದ ಸಲದ್ದು ಅರ್ಧ ಕಾಣಲೇ ಇಲ್ಲ.

ನಿನ್ನ ದೊಡ್ಡಮ್ಮ